ಬಸ್ಸಿನ ಲೆಕ್ಕದಿಂದ ಶುರು: ವಲಯಗಳಿರುವ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಲೀಗ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಲೀಗ್ ಕಟ್ಟಲು ಕೂತವರು ಮೊದಲ ಸಭೆಯಲ್ಲೇ ಹೆಸರು, ಲೋಗೊ, ಟ್ರೋಫಿ ಅಂತ ಮಾತು ಶುರು ಮಾಡುತ್ತಾರೆ. ಇವನ್ನೆಲ್ಲ ಆರು ತಿಂಗಳು ಪಕ್ಕಕ್ಕಿಡಿ. ಮೇಜಿನ ಮೇಲೆ ದೇಶದ ನಕ್ಷೆ ಹರಡಿ. ಭಾನುವಾರ ಸಂಜೆ ಹೊರ ಊರಿನಲ್ಲಿ ಪಂದ್ಯ ಮುಗಿಸಿದ ಆಟಗಾರ್ತಿ ಸೋಮವಾರ ಬೆಳಿಗ್ಗೆ ಕೆಲಸಕ್ಕೋ ಕಾಲೇಜಿಗೋ ಹಾಜರಾಗಲು ಸಾಧ್ಯವಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಲೀಗಿನ ಅರ್ಧ ರೂಪ ತಾನಾಗಿ ಸಿಗುತ್ತದೆ.

ಪುರುಷರ ಲೀಗನ್ನು ನಕಲು ಮಾಡಿದರೆ ಆಗದೇ? ಆಗುವುದಿಲ್ಲ. ಅದಕ್ಕೆ ಕಾರಣ ಹಳೆಯದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡುವಂತಿಲ್ಲ ಎಂದಿತು. ಆ ನಿಷೇಧ ಸುಮಾರು ಐವತ್ತು ವರ್ಷ ಇತ್ತು. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ, ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇದೇ ಕತೆ. ಆಡುವ ಆಸೆ ಇತ್ತು, ಮೈದಾನ ಇರಲಿಲ್ಲ. ಹಾಗಾಗಿ ಬಹಳ ಕಡೆ ಮಹಿಳಾ ಕ್ಲಬ್‌ಗಳು ಇವತ್ತಿಗೂ ಕಡಿಮೆ, ಇರುವವು ದೂರ ದೂರ. ಕ್ಲಬ್‌ಗಳು ದೂರವಿದ್ದರೆ ಪ್ರಯಾಣ ಜಾಸ್ತಿ. ಪ್ರಯಾಣ ಜಾಸ್ತಿಯಾದರೆ ಸೀಸನ್ ಮಧ್ಯದಲ್ಲೇ ತಂಡಗಳು ಕೈಬಿಡುತ್ತವೆ. ವಲಯಗಳು, ಅಂದರೆ ಹತ್ತಿರದ ತಂಡಗಳ ಸಣ್ಣ ಗುಂಪುಗಳು, ಬೇಕಾಗುವುದು ಇದಕ್ಕೇ.

ಮೊದಲ ಕೆಲಸ: ನಿಜವಾದ ತಂಡಗಳನ್ನು ಎಣಿಸಿ

ಕಾಗದದ ಮೇಲೆ ನೂರು ಕ್ಲಬ್ ಇರಬಹುದು. ಅದರಲ್ಲಿ ಎಷ್ಟು ತಂಡ ವಾರಕ್ಕೆ ಎರಡು ದಿನವಾದರೂ ಅಭ್ಯಾಸ ಮಾಡುತ್ತವೆ? ಕಳೆದ ವರ್ಷ ಹತ್ತು ಪಂದ್ಯವಾದರೂ ಆಡಿದ್ದು ಎಷ್ಟು? ಟೂರ್ನಿ ಬಂದಾಗ ಮಾತ್ರ ಹದಿನಾಲ್ಕು ಜನರನ್ನು ಒಟ್ಟು ಮಾಡಿ ಬರುವ ತಂಡವನ್ನು ಲೀಗಿನ ಲೆಕ್ಕಕ್ಕೆ ಹಿಡಿಯಬೇಡಿ. ಅದು ತಪ್ಪು ಅಂತಲ್ಲ, ಆದರೆ ಐದಾರು ತಿಂಗಳ ಲೀಗ್ ಬೇರೆ ಜಾತಿಯದು.

ಎಲ್ಲ ಕ್ಲಬ್‌ಗಳಿಗೂ ಒಂದೇ ಪುಟದ ಪ್ರಶ್ನಾವಳಿ ಕಳಿಸಿ. ಹದಿನೆಂಟು ಆಟಗಾರ್ತಿಯರು ಖಚಿತವಾಗಿ ಇದ್ದಾರಾ? ತವರು ಮೈದಾನ ಯಾರದ್ದು, ಯಾವ ದಿನ ಸಿಗುತ್ತದೆ? ತರಬೇತುದಾರರ ಲೈಸೆನ್ಸ್ ಯಾವ ಮಟ್ಟದ್ದು? ಖರ್ಚು ಯಾರು ನೋಡಿಕೊಳ್ಳುತ್ತಾರೆ? ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಒಂದು ಪಂದ್ಯಕ್ಕೆ ಹೋಗಿ ಬರಲು ನಿಮ್ಮ ತಂಡ ಗರಿಷ್ಠ ಎಷ್ಟು ಗಂಟೆ ಪ್ರಯಾಣ ಮಾಡಬಲ್ಲದು? ಈ ಪ್ರಶ್ನೆಯನ್ನು ಕ್ಲಬ್ ಅಧ್ಯಕ್ಷರನ್ನು ಕೇಳಬೇಡಿ. ತಂಡದ ನಾಯಕಿಯನ್ನು ಕೇಳಿ. ಅಧ್ಯಕ್ಷರು ಬಸ್ಸಿನಲ್ಲಿ ಕೂರುವುದಿಲ್ಲ, ಅಲ್ವಾ?

ಉತ್ತರ ಬಂದ ಮೇಲೆ ಪ್ರತಿ ಮೈದಾನಕ್ಕೂ ಯಾರಾದರೂ ಖುದ್ದಾಗಿ ಹೋಗಿ ನೋಡಬೇಕು. ‘ಡ್ರೆಸ್ಸಿಂಗ್ ರೂಮ್ ಇದೆ’ ಅಂತ ಬರೆದ ಕಡೆ ಹೋಗಿ ನೋಡಿದರೆ ಬಾಗಿಲಿಗೆ ಚಿಲಕ ಇರುವುದಿಲ್ಲ.

ಮಾನ್ಯತೆ ಇಲ್ಲದೆ ಮುಂದೆ ಹೋಗಬೇಡಿ

ಇದು ಬೇಸರದ ಕೆಲಸ. ಆದರೆ ಬೇಗ ಮುಗಿಸಿ. ಲೀಗನ್ನು ದೇಶದ ಫುಟ್‌ಬಾಲ್ ಸಂಸ್ಥೆಯೇ ನಡೆಸಬಹುದು, ಅಥವಾ ಅದರ ಒಪ್ಪಿಗೆ ಪಡೆದ ಪ್ರತ್ಯೇಕ ಕಂಪನಿಯೋ ಸಂಘವೋ ನಡೆಸಬಹುದು. ಒಪ್ಪಿಗೆ ಇಲ್ಲದಿದ್ದರೆ ನೋಂದಾಯಿತ ರೆಫರಿಗಳು ಬರುವುದಿಲ್ಲ, ಆಟಗಾರ್ತಿಯರ ವರ್ಗಾವಣೆ ಲೆಕ್ಕಕ್ಕೆ ಬರುವುದಿಲ್ಲ, ಚಾಂಪಿಯನ್ ತಂಡ ಖಂಡದ ಮಟ್ಟದ ಟೂರ್ನಿಗೆ ಹೋಗುವಂತಿಲ್ಲ. ಒಪ್ಪಂದ ಕನಿಷ್ಠ ಮೂರು ಸೀಸನ್‌ಗೆ ಇರಲಿ. ಪ್ರಸಾರದ ಹಕ್ಕು ಯಾರದ್ದು, ದಂಡದ ಹಣ ಯಾರಿಗೆ, ರಾಷ್ಟ್ರೀಯ ತಂಡದ ಶಿಬಿರ ಬಂದಾಗ ಲೀಗ್ ನಿಲ್ಲಬೇಕಾ ಎಂಬುದು ಬರಹದಲ್ಲೇ ಇರಲಿ.

ನಕ್ಷೆ ಬಿಡಿಸುವುದು

ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚಿನ ಲೀಗ್‌ಗಳು ಎಡವುವುದು ಇಲ್ಲೇ.

ಆಡಳಿತದ ಗಡಿ ನೋಡಿ ವಲಯ ಮಾಡಬೇಡಿ. ರಾಜ್ಯ, ಪ್ರಾಂತ್ಯ, ಜಿಲ್ಲೆ ಇವೆಲ್ಲ ಕಚೇರಿಯ ಅನುಕೂಲಕ್ಕೆ ಹಾಕಿದ ಗೆರೆಗಳು. ಗಡಿಯ ಆಚೆ ಒಂದು ಗಂಟೆ ದೂರದಲ್ಲಿ ಎದುರಾಳಿ ಇರುವಾಗ, ಅದೇ ರಾಜ್ಯದ ಇನ್ನೊಂದು ಮೂಲೆಗೆ ಹತ್ತು ಗಂಟೆ ಹೋಗುವುದು ಯಾಕೆ?

ಕಿಲೋಮೀಟರ್ ಲೆಕ್ಕವೂ ಮೋಸ ಮಾಡುತ್ತದೆ. ನಡುವೆ ಘಟ್ಟವೋ ನದಿಯೋ ಇದ್ದರೆ ನೂರು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಬಹುದು. ಹೆದ್ದಾರಿಯಾದರೆ ಒಂದೂವರೆ ಗಂಟೆ ಸಾಕು. ಹಾಗಾಗಿ ಒಂದು ಕೋಷ್ಟಕ ಮಾಡಿ. ಅಡ್ಡಸಾಲಿನಲ್ಲೂ ಉದ್ದಸಾಲಿನಲ್ಲೂ ಎಲ್ಲ ಕ್ಲಬ್‌ಗಳ ಹೆಸರು. ಪ್ರತಿ ಮನೆಯಲ್ಲಿ ಒಂದು ಮೈದಾನದಿಂದ ಇನ್ನೊಂದಕ್ಕೆ ಭಾನುವಾರ ಸಂಜೆ ಬಸ್ಸಿನಲ್ಲಿ ಹಿಡಿಯುವ ಗಂಟೆ. ವಿಮಾನದ ಸಮಯ ಬರೆಯಬೇಡಿ. ಮೊದಲ ಮೂರು ವರ್ಷ ಯಾರೂ ವಿಮಾನ ಹತ್ತುವುದಿಲ್ಲ.

ಈಗ ಒಂದು ಮಿತಿ ಹಾಕಿ. ನನ್ನ ಪ್ರಕಾರ ವಲಯದೊಳಗಿನ ಹೆಚ್ಚಿನ ಪ್ರಯಾಣ ಒಂದು ದಿಕ್ಕಿಗೆ ನಾಲ್ಕು ಗಂಟೆ ದಾಟಬಾರದು. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ತಲುಪಿ, ಎರಡು ಗಂಟೆಗೆ ಆಡಿ, ರಾತ್ರಿ ಒಂಬತ್ತಕ್ಕೆ ಮನೆ ಸೇರಬಹುದು. ನಾಲ್ಕು ದಾಟಿತೆಂದರೆ ಒಂದು ರಾತ್ರಿ ತಂಗಬೇಕು. ಇಪ್ಪತ್ತಕ್ಕೂ ಹೆಚ್ಚು ಜನರ ಊಟ, ವಸತಿ, ಒಂದು ದಿನದ ಸಂಬಳ ಕಡಿತ. ಸಣ್ಣ ಕ್ಲಬ್ಬಿನ ಬಜೆಟ್ ಒಡೆಯುವುದು ಈ ಒಂದು ರಾತ್ರಿಯಿಂದ.

ಪ್ರತಿ ವಲಯದಲ್ಲೂ 6ರಿಂದ 10 ತಂಡ ಇರಲಿ. ಆರಕ್ಕಿಂತ ಕಡಿಮೆಯಾದರೆ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಹತ್ತು ದಾಟಿದರೆ ಹೊಸ ಲೀಗಿಗೆ ಪಂದ್ಯಗಳ ಭಾರ ಹೆಚ್ಚು. ಎಲ್ಲ ವಲಯಗಳಲ್ಲೂ ತಂಡಗಳ ಸಂಖ್ಯೆ ಒಂದೇ ಇರಲಿ. ಇದು ಚಂದಕ್ಕೆ ಅಲ್ಲ. ಮುಂದೆ ವಲಯ ವಲಯಗಳ ನಡುವೆ ಅಂಕ ಹೋಲಿಸುವಾಗ ಜಗಳ ತಪ್ಪಲಿ ಅಂತ.

ನಕ್ಷೆಯ ಮೂಲೆಯಲ್ಲಿ ಒಂಟಿ ಕ್ಲಬ್ ಒಂದು ಉಳಿದೇ ಉಳಿಯುತ್ತದೆ. ಎಲ್ಲರಿಗಿಂತ ಎಂಟು ಗಂಟೆ ದೂರ. ಅದನ್ನು ಕೈಬಿಡಬೇಡಿ, ಬಹುಶಃ ಆ ಭಾಗದ ಏಕೈಕ ತಂಡ ಅದು. ಬದಲಿಗೆ ಅದಕ್ಕೆ ಜೋಡಿ ಪಂದ್ಯಗಳ ವ್ಯವಸ್ಥೆ ಮಾಡಿ. ಅಂದರೆ ಒಮ್ಮೆ ಹೊರಟರೆ ಶನಿವಾರ ಒಂದು ಊರಲ್ಲಿ, ಸೋಮವಾರ ಪಕ್ಕದ ಊರಲ್ಲಿ ಆಡಿ ವಾಪಸ್. ನಡುವೆ ಒಂದು ದಿನ ವಿಶ್ರಾಂತಿ ಇರಲೇಬೇಕು. ಸೋಮವಾರ ರಜೆ ಸಿಗಬೇಕು, ಹಾಗಾಗಿ ಸರ್ಕಾರಿ ರಜೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಿ.

ಗಡಿಯಲ್ಲಿರುವ ಒಂದೆರಡು ಕ್ಲಬ್‌ಗಳು ‘ನಮ್ಮನ್ನು ಆ ವಲಯಕ್ಕೆ ಹಾಕಿ, ಅಲ್ಲಿ ತಂಡಗಳು ದುರ್ಬಲ’ ಅಂತ ಒತ್ತಡ ತರುತ್ತವೆ. ಒಮ್ಮೆ ಮಣಿದರೆ ಪ್ರತಿ ವರ್ಷ ಮಣಿಯಬೇಕು. ವಲಯ ನಿರ್ಧಾರ ಆಗುವುದು ಪ್ರಯಾಣದ ಒಟ್ಟು ಗಂಟೆಗಳ ಮೇಲೆ ಮಾತ್ರ ಎಂದು ನಿಯಮ ಬರೆದು ಎಲ್ಲರಿಗೂ ಹಂಚಿ.

ಪಂದ್ಯಗಳ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. 32 ಕ್ಲಬ್‌ಗಳಿವೆ. ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿ ತವರಿನಲ್ಲೊಮ್ಮೆ ಹೊರಗೊಮ್ಮೆ ಆಡಿಸಿದರೆ ಒಂದೊಂದು ತಂಡಕ್ಕೆ 62 ಪಂದ್ಯ, ಒಟ್ಟು 992. ಇದು ಆಗದ ಮಾತು. ಅದೇ 8 ತಂಡಗಳ 4 ವಲಯ ಮಾಡಿದರೆ ಒಂದೊಂದು ತಂಡಕ್ಕೆ 14 ಪಂದ್ಯ. ವಲಯಕ್ಕೆ 56, ಒಟ್ಟು 224. ವಾರಕ್ಕೊಂದರಂತೆ 14 ವಾರ. ಮಳೆ, ಪರೀಕ್ಷೆ, ರಾಷ್ಟ್ರೀಯ ತಂಡದ ಶಿಬಿರ ಅಂತ ಇನ್ನು 6 ವಾರ ಖಾಲಿ ಬಿಡಿ. ಐದು ತಿಂಗಳಲ್ಲಿ ವಲಯ ಹಂತ ಮುಗಿಯಿತು.

ಆಮೇಲೆ ರಾಷ್ಟ್ರೀಯ ಹಂತ. ಪ್ರತಿ ವಲಯದ ಮೊದಲ ಎರಡು ತಂಡ, ಒಟ್ಟು 8. ಇವನ್ನು ನಾಲ್ಕರ ಎರಡು ಗುಂಪು ಮಾಡಿ, ಎಲ್ಲರೂ ಎಲ್ಲರ ವಿರುದ್ಧ ಒಮ್ಮೆ ಆಡಿದರೆ 12 ಪಂದ್ಯ. ಸೆಮಿಫೈನಲ್ ಎರಡು, ಫೈನಲ್ ಒಂದು. ಒಟ್ಟು 15. ಎಲ್ಲ ಸೇರಿ ಸೀಸನ್ನಿಗೆ 239 ಪಂದ್ಯ. ದೂರದ ಪ್ರಯಾಣ ಬೀಳುವುದು ಎಂಟು ತಂಡಗಳಿಗೆ ಮಾತ್ರ, ಅದೂ ಸೀಸನ್ನಿನ ಕೊನೆಯಲ್ಲಿ.

ಒಂದು ಎಚ್ಚರಿಕೆ. ರಾಷ್ಟ್ರೀಯ ಹಂತವನ್ನು ಒಂದೇ ಊರಲ್ಲಿ ಎಂಟು ದಿನದಲ್ಲಿ ಮುಗಿಸುವ ಆಸೆ ಬರುತ್ತದೆ. ಖರ್ಚು ಕಡಿಮೆ, ನಿಜ. ಆದರೆ ಎಂಟು ದಿನದಲ್ಲಿ ಐದು ಪಂದ್ಯ ಅಂದರೆ ಕೊನೆಗೆ ಗೆಲ್ಲುವುದು ಒಳ್ಳೆಯ ತಂಡವಲ್ಲ, ಬೆಂಚಿನಲ್ಲಿ ಹೆಚ್ಚು ಜನ ಇರುವ ತಂಡ. ಗುಂಪು ಹಂತ ಒಂದು ಊರಲ್ಲಿ ಹತ್ತು ದಿನ ನಡೆಯಲಿ. ಎರಡು ವಾರ ಬಿಟ್ಟು ಸೆಮಿಫೈನಲ್, ಫೈನಲ್ ಇಡಿ.

ವಲಯ ಮತ್ತು ರಾಷ್ಟ್ರೀಯ ಹಂತದ ಕೊಂಡಿ

ಇದಕ್ಕೆ ಹಲವು ದಾರಿಗಳಿವೆ. ಯಾರು ಏನು ಮಾಡಿದರು ಅಂತ ನೋಡಿದರೆ ಆಯ್ಕೆ ಸುಲಭ.

ಜರ್ಮನಿಯ ಮಹಿಳಾ ಲೀಗ್ ಆದ ಬುಂಡೆಸ್‌ಲಿಗಾ 1990ರಲ್ಲಿ ಶುರುವಾದಾಗ ಉತ್ತರ ಮತ್ತು ದಕ್ಷಿಣ ಎಂದು ಹತ್ತು ಹತ್ತು ತಂಡಗಳ ಎರಡು ಗುಂಪು ಇದ್ದವು. ಎರಡೂ ಗುಂಪಿನ ಮುಂಚೂಣಿ ತಂಡಗಳು ಕೊನೆಯಲ್ಲಿ ಸೇರಿ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದವು. ಏಳು ವರ್ಷ ಹೀಗೆ ನಡೆಸಿ 1997ರಲ್ಲಿ ಒಂದೇ ಗುಂಪಿನ ಲೀಗ್ ಮಾಡಿದರು. ಕೆಳಗಿನ ಎರಡನೇ ದರ್ಜೆ 2004ರಲ್ಲಿ ಬಂದಾಗ ಅದನ್ನೂ ಉತ್ತರ, ದಕ್ಷಿಣ ಎಂದೇ ಶುರು ಮಾಡಿ, 2018ರಲ್ಲಿ ಒಂದಾಗಿಸಿದರು. ಎರಡೂ ಸಲ ಕ್ರಮ ಒಂದೇ: ಮೊದಲು ವಲಯ, ತಂಡಗಳು ಗಟ್ಟಿಯಾದ ಮೇಲೆ ಏಕೀಕರಣ.

ಇಂಗ್ಲೆಂಡ್ 1991ರಲ್ಲಿ ಬೇರೆ ದಾರಿ ಹಿಡಿಯಿತು. ಎಂಟು ತಂಡಗಳ ಒಂದು ರಾಷ್ಟ್ರೀಯ ವಿಭಾಗ ಮೇಲೆ, ಅದರ ಕೆಳಗೆ ಉತ್ತರ ಮತ್ತು ದಕ್ಷಿಣ ವಿಭಾಗ. ಬಲಿಷ್ಠ ತಂಡಗಳಿಗೆ ವಾರ ವಾರ ಒಳ್ಳೆಯ ಪಂದ್ಯ ಸಿಕ್ಕಿತು, ಉಳಿದವರ ಪ್ರಯಾಣ ಕಡಿಮೆಯಾಯಿತು. ಆದರೆ ಮುಂದೆ ಒಂದು ಕಾಲಕ್ಕೆ ಉತ್ತರದ ಚಾಂಪಿಯನ್ ಮತ್ತು ದಕ್ಷಿಣದ ಚಾಂಪಿಯನ್ ಮೇಲಿನ ವಿಭಾಗಕ್ಕೆ ಏರುವ ಒಂದೇ ಒಂದು ಬಡ್ತಿ ಸ್ಥಾನಕ್ಕೆ ಪ್ಲೇ-ಆಫ್ (ನಿರ್ಣಾಯಕ ಪಂದ್ಯ) ಆಡುವ ಪದ್ಧತಿ ಇತ್ತು. ಇಡೀ ಸೀಸನ್ ಗೆದ್ದು ಚಾಂಪಿಯನ್ ಆದ ತಂಡ ಒಂದು ಮಧ್ಯಾಹ್ನ ಸೋತು ಅಲ್ಲೇ ಉಳಿಯುತ್ತಿತ್ತು. ಇದನ್ನು ನೀವು ಮಾಡಬೇಡಿ. ವಲಯದ ಚಾಂಪಿಯನ್ನಿಗೆ ಬಡ್ತಿ ನೇರವಾಗಿ ಸಿಗಲಿ. ಪ್ಲೇ-ಆಫ್ ಬೇಕಿದ್ದರೆ ಎರಡನೇ ಸ್ಥಾನದವರ ನಡುವೆ ಇಡಿ.

ಮೆಕ್ಸಿಕೊ 2017ರಲ್ಲಿ 16 ತಂಡಗಳನ್ನು ಎಂಟರ ಎರಡು ಗುಂಪು ಮಾಡಿ, ಕೊನೆಗೆ ನಾಕೌಟ್ ಇಟ್ಟು ಶುರು ಮಾಡಿತು. ದೊಡ್ಡ ಪುರುಷ ಕ್ಲಬ್‌ಗಳ ಹೆಸರು, ಮೈದಾನ, ಅಭಿಮಾನಿಗಳು ಮೊದಲ ದಿನದಿಂದಲೇ ಇದ್ದರು. 2018ರ ಮೇ ತಿಂಗಳಲ್ಲಿ ಮಾಂಟೆರೆ ಮತ್ತು ಟಿಗ್ರೆಸ್ ನಡುವಿನ ಫೈನಲ್‌ಗೆ 51,211 ಜನ ಬಂದಿದ್ದರು. ಎರಡೂ ಒಂದೇ ಊರಿನ ಎದುರಾಳಿ ತಂಡಗಳು ಎಂಬುದನ್ನು ಗಮನಿಸಿ. ಹತ್ತಿರದ ಎದುರಾಳಿ ಇದ್ದರೆ ಖರ್ಚು ಕಡಿಮೆ, ಜನ ಜಾಸ್ತಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಜರ್ಮನಿಯ ದಾರಿ. ಆದರೆ ದೇಶದಲ್ಲಿ ಆರೆಂಟು ತಂಡ ಉಳಿದವರಿಗಿಂತ ಬಹಳ ಮುಂದಿದ್ದರೆ ಇಂಗ್ಲೆಂಡಿನ ದಾರಿ ಸರಿ. ಇಲ್ಲದಿದ್ದರೆ ವಲಯ ಪಂದ್ಯಗಳು 14-0 ಅಂತ ಮುಗಿಯುತ್ತವೆ. ಗೆದ್ದವರಿಗೂ ಅದರಿಂದ ಏನೂ ಸಿಗುವುದಿಲ್ಲ.

ವೇಳಾಪಟ್ಟಿ ಬರೆಯುವುದು

ಸಾಫ್ಟ್‌ವೇರ್ ಇದೆ, ನಿಜ. ಆದರೂ ಒಮ್ಮೆ ಕೈಯಲ್ಲಿ ಬರೆದು ನೋಡಿ, ಒಳಗಿನ ತರ್ಕ ಗೊತ್ತಾಗುತ್ತದೆ. ಎಂಟು ತಂಡಗಳಿಗೆ 1ರಿಂದ 8ರವರೆಗೆ ನಂಬರ್ ಕೊಡಿ. ಮೇಲಿನ ಸಾಲಿನಲ್ಲಿ 1, 2, 3, 4. ಕೆಳಗಿನ ಸಾಲಿನಲ್ಲಿ 8, 7, 6, 5. ಮೇಲೆ ಕೆಳಗೆ ಇರುವವರು ಎದುರಾಳಿಗಳು: 1-8, 2-7, 3-6, 4-5. ಮುಂದಿನ ವಾರ 1 ಕದಲುವುದಿಲ್ಲ. ಉಳಿದವರೆಲ್ಲ ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಯುತ್ತಾರೆ. ಆಗ 1-7, 8-6, 2-5, 3-4. ಹೀಗೆ ಏಳು ವಾರಕ್ಕೆ ಎಲ್ಲರೂ ಎಲ್ಲರ ವಿರುದ್ಧ ಆಡಿರುತ್ತಾರೆ. ಉಳಿದ ಏಳು ವಾರ ಇದೇ ಪಟ್ಟಿ, ತವರು ಮತ್ತು ಹೊರಗು ಅದಲುಬದಲು. ಏಳೇ ತಂಡ ಇದ್ದರೆ ಎಂಟನೆಯದನ್ನು ಖಾಲಿ ಎಂದಿಡಿ. ಅದರ ಎದುರು ಬಂದವರಿಗೆ ಆ ವಾರ ಬಿಡುವು.

ತವರು-ಹೊರಗು ಕ್ರಮವನ್ನು ಬೇರೆಯಾಗಿ ನೋಡಬೇಕು. ನಾನು ಮೊದಲ ಸಲ ಒಂದು ಸಣ್ಣ ಲೀಗಿಗೆ ಪಟ್ಟಿ ಬರೆದಾಗ ಇದನ್ನು ಮರೆತಿದ್ದೆ. ಒಂದು ತಂಡಕ್ಕೆ ಸತತ ನಾಲ್ಕು ವಾರ ಹೊರಗಿನ ಪಂದ್ಯ ಬಿದ್ದಿತ್ತು. ಆ ತಂಡದ ನಾಯಕಿ ಫೋನ್ ಮಾಡಿ ‘ನಮ್ಮ ಮೇಲೆ ಏನಾದ್ರೂ ಸಿಟ್ಟಾ ಸರ್?’ ಅಂತ ಕೇಳಿದರು. ಎಂಟು ತಂಡಗಳ ಒಂದು ಸುತ್ತಿನಲ್ಲಿ ಎಲ್ಲರಿಗೂ ಒಂದು ವಾರ ತವರು, ಒಂದು ವಾರ ಹೊರಗೆ ಅಂತ ಕರಾರುವಾಕ್ಕಾಗಿ ಕೊಡಲು ಗಣಿತವೇ ಬಿಡುವುದಿಲ್ಲ. ಹೆಚ್ಚೆಂದರೆ ಎರಡು ತಂಡಕ್ಕೆ ಅದು ಸಾಧ್ಯ. ಆದರೆ ಯಾರಿಗೂ ಸತತ ಎರಡಕ್ಕಿಂತ ಹೆಚ್ಚು ಹೊರಗಿನ ಪಂದ್ಯ ಬೀಳದಂತೆ ನೋಡಿಕೊಳ್ಳಬಹುದು.

ಕೊನೆಯ ವಾರದ ಎಲ್ಲ ಪಂದ್ಯಗಳೂ ಒಂದೇ ಸಮಯಕ್ಕೆ ಶುರುವಾಗಬೇಕು. ಇನ್ನೊಂದು ಪಂದ್ಯದ ಫಲಿತಾಂಶ ನೋಡಿಕೊಂಡು ಯಾರೂ ಲೆಕ್ಕ ಹಾಕಿ ಆಡಬಾರದು.

ನಿಯಮ ಪುಸ್ತಕ: ಜಗಳ ಬರುವ ಮೊದಲೇ ಬರೆದಿಡಿ

ಮೈದಾನದೊಳಗಿನ ನಿಯಮಗಳನ್ನು ಹೊಸದಾಗಿ ಬರೆಯಬೇಕಿಲ್ಲ. ಆಟದ ನಿಯಮಗಳು ಎಲ್ಲೆಡೆ ಒಂದೇ. ಏಳಕ್ಕಿಂತ ಕಡಿಮೆ ಆಟಗಾರ್ತಿಯರಿದ್ದರೆ ಪಂದ್ಯ ನಡೆಯುವುದಿಲ್ಲ, ಬದಲಿ ಆಟಗಾರ್ತಿಯರು ಗರಿಷ್ಠ ಐದು, ಹೀಗೆ. ನೀವು ಬರೆಯಬೇಕಾದದ್ದು ಹೊರಗಿನ ನಿಯಮಗಳು.

ತಂಡ ಬರದಿದ್ದರೆ ಏನು? ಎದುರಾಳಿಗೆ 3-0 ಗೆಲುವು ಕೊಡುವುದು ವಾಡಿಕೆ. ಆದರೆ ಬರದ ತಂಡ ಆತಿಥೇಯರ ಮೈದಾನದ ಬಾಡಿಗೆಯನ್ನೂ ರೆಫರಿ ಭತ್ಯೆಯನ್ನೂ ಕಟ್ಟಬೇಕು ಎಂದು ಸೇರಿಸಿ. ಒಂದು ಸೀಸನ್ನಿನಲ್ಲಿ ಎರಡು ಸಲ ಬರದಿದ್ದರೆ ಲೀಗಿನಿಂದ ಹೊರಗೆ.

ತಂಡ ಮಧ್ಯದಲ್ಲೇ ಲೀಗ್ ಬಿಟ್ಟರೆ? ಇದು ಆಗಿಯೇ ಆಗುತ್ತದೆ, ಮೊದಲ ವರ್ಷವಂತೂ ಖಂಡಿತ. ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿ ಬಿಟ್ಟರೆ ಅವರ ಎಲ್ಲ ಫಲಿತಾಂಶ ಅಳಿಸಿಹಾಕಿ. ಅರ್ಧ ಮುಗಿದ ಮೇಲೆ ಬಿಟ್ಟರೆ ಆಡಿದ್ದು ಹಾಗೇ ಉಳಿಯಲಿ, ಉಳಿದ ಪಂದ್ಯಗಳು ಎದುರಾಳಿಗಳಿಗೆ 3-0. ಇದನ್ನು ಮೊದಲೇ ಬರೆದಿಡದೆ ಆಮೇಲೆ ತೀರ್ಮಾನಿಸಲು ಕೂತರೆ, ಅಂಕ ಕಳೆದುಕೊಳ್ಳುವ ಪ್ರತಿ ಕ್ಲಬ್ಬೂ ವಕೀಲರನ್ನು ಕರೆತರುತ್ತದೆ.

ಅಂಕ ಸಮ ಆದಾಗ ಮೊದಲು ಯಾವುದನ್ನು ನೋಡಬೇಕು? ಬಲಾಬಲ ಏರುಪೇರಾಗಿರುವ ಹೊಸ ಲೀಗಿನಲ್ಲಿ ಗೋಲು ಅಂತರವನ್ನು ಮೊದಲು ಇಡಬೇಡಿ. ಕೊನೆಯ ಸ್ಥಾನದ ತಂಡಕ್ಕೆ ಯಾರು ಹೆಚ್ಚು ಗೋಲು ಹೊಡೆದರು ಎಂಬುದೇ ಚಾಂಪಿಯನ್ ಯಾರೆಂದು ನಿರ್ಧರಿಸಿಬಿಡುತ್ತದೆ. ಆ ಕೊನೆಯ ತಂಡದ ಹುಡುಗಿಯರಿಗೆ ಅದು ಅವಮಾನ. ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ ಮೊದಲು, ಗೋಲು ಅಂತರ ಆಮೇಲೆ.

ವಲಯಗಳಲ್ಲಿ ತಂಡಗಳ ಸಂಖ್ಯೆ ಬೇರೆ ಬೇರೆ ಇದ್ದು, ‘ಅತ್ಯುತ್ತಮ ಮೂರನೇ ತಂಡ’ವನ್ನು ಆರಿಸಬೇಕಾಗಿ ಬಂದರೆ? ದೊಡ್ಡ ವಲಯದಲ್ಲಿ ಕೊನೆಯ ಸ್ಥಾನದ ತಂಡದ ವಿರುದ್ಧ ಬಂದ ಅಂಕಗಳನ್ನು ಬಿಟ್ಟು ಹೋಲಿಸಿ. ಯುರೋಪಿನ ಅರ್ಹತಾ ಟೂರ್ನಿಗಳಲ್ಲಿ ಈ ಪದ್ಧತಿ ಇದೆ.

ನೋಂದಣಿ ಕೊನೆಯ ದಿನಾಂಕ ವಲಯ ಹಂತದ ಅರ್ಧದಲ್ಲೇ ಮುಗಿಯಲಿ. ಇಲ್ಲದಿದ್ದರೆ ಹಣವಿರುವ ಕ್ಲಬ್ ರಾಷ್ಟ್ರೀಯ ಹಂತಕ್ಕೆ ಎರಡು ವಾರ ಮುಂಚೆ ಬೇರೆ ವಲಯಗಳ ನಾಲ್ಕು ಒಳ್ಳೆಯ ಆಟಗಾರ್ತಿಯರನ್ನು ಎತ್ತಿಕೊಂಡು ಬರುತ್ತದೆ. ಐದು ತಿಂಗಳು ಬೆವರು ಸುರಿಸಿದವರು ಬೆಂಚಿನಲ್ಲಿ ಕೂರುತ್ತಾರೆ.

ಹಣ

ಅಮೆರಿಕದ ಕತೆಯನ್ನು ಇಲ್ಲಿ ಹೇಳಲೇಬೇಕು. 1999ರ ವಿಶ್ವಕಪ್ ಗೆದ್ದ ಉತ್ಸಾಹದಲ್ಲಿ 2001ರಲ್ಲಿ ಅಲ್ಲಿ ಎಂಟು ತಂಡಗಳ ವೃತ್ತಿಪರ ಮಹಿಳಾ ಲೀಗ್ ಶುರುವಾಯಿತು. ವಿಶ್ವದ ಹೆಸರಾಂತ ಆಟಗಾರ್ತಿಯರು, ಟಿವಿ, ಎಲ್ಲ ಇತ್ತು. ಐದು ವರ್ಷಕ್ಕೆಂದು ತೆಗೆದಿಟ್ಟಿದ್ದ ಸುಮಾರು 4 ಕೋಟಿ ಡಾಲರ್ ಮೊದಲ ವರ್ಷದಲ್ಲೇ ಖಾಲಿಯಾಯಿತು. 2003ರ ಸೆಪ್ಟೆಂಬರಿನಲ್ಲಿ, ಮುಂದಿನ ವಿಶ್ವಕಪ್‌ಗೆ ಐದಾರು ದಿನ ಇರುವಾಗ, ಲೀಗ್ ಬಾಗಿಲು ಹಾಕಿತು. 2009ರಲ್ಲಿ ಬಂದ ಎರಡನೇ ಲೀಗ್ ಮೂರೇ ಸೀಸನ್ ಆಡಿತು. 2013ರ ಮೂರನೇ ಪ್ರಯತ್ನ ಎಂಟು ತಂಡಗಳೊಂದಿಗೆ, ಬಹಳ ಕಡಿಮೆ ಖರ್ಚಿನಲ್ಲಿ ಶುರುವಾಯಿತು. ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳ ಫುಟ್‌ಬಾಲ್ ಸಂಸ್ಥೆಗಳೇ ಕೊಟ್ಟವು. ಈ ಲೀಗ್ ಉಳಿಯಿತು. ಇಂಗ್ಲೆಂಡಿನಲ್ಲೂ 2011ರಲ್ಲಿ ಸೂಪರ್ ಲೀಗ್ ಶುರುವಾದಾಗ, ಒಂದು ಕ್ಲಬ್ಬಿನಲ್ಲಿ ವರ್ಷಕ್ಕೆ 20,000 ಪೌಂಡ್‌ಗಿಂತ ಹೆಚ್ಚು ಸಂಬಳ ನಾಲ್ಕೇ ಜನರಿಗೆ ಎಂಬ ಮಿತಿ ಇತ್ತು.

ನಿಮ್ಮ ಬಜೆಟ್ ಬರೆಯುವಾಗ ಪ್ರಾಯೋಜಕರ ಹಣವನ್ನು ಸೊನ್ನೆ ಎಂದು ಹಿಡಿದು ಶುರು ಮಾಡಿ. ಖರ್ಚಿನ ಸಾಲಿನಲ್ಲಿ ಪ್ರಯಾಣ, ರೆಫರಿ, ಮೈದಾನ, ವೈದ್ಯಕೀಯ, ವಿಮೆ ಮೊದಲು ಬರಲಿ. ಉದ್ಘಾಟನಾ ಸಮಾರಂಭ ಎಲ್ಲಕ್ಕಿಂತ ಕೊನೆಗೆ ಇರಲಿ. ಇಲ್ಲದಿದ್ದರೂ ನಡೆಯುತ್ತದೆ.

ಪ್ರಯಾಣದ ಖರ್ಚಿಗೆ ಸಮಾನ ನಿಧಿ ಮಾಡುವುದು ನನಗೆ ತುಂಬಾ ಇಷ್ಟವಾದ ಉಪಾಯ. ವಲಯದ ಎಂಟು ತಂಡಗಳು ಸೀಸನ್ನಿನಲ್ಲಿ ಒಟ್ಟು 16,000 ಕಿಲೋಮೀಟರ್ ಓಡಾಡುತ್ತವೆ ಎಂದುಕೊಳ್ಳಿ. ಸರಾಸರಿ 2,000. ನಡುವಿನ ಊರಿನ ತಂಡ 1,200 ಮಾತ್ರ ಓಡಾಡಿದರೆ, ಉಳಿದ 800 ಕಿಲೋಮೀಟರಿನ ಹಣವನ್ನು ನಿಧಿಗೆ ಕಟ್ಟುತ್ತದೆ. ಮೂಲೆಯ ತಂಡ 3,400 ಓಡಾಡಿದರೆ, ಹೆಚ್ಚುವರಿ 1,400 ಕಿಲೋಮೀಟರಿನ ಹಣ ನಿಧಿಯಿಂದ ಪಡೆಯುತ್ತದೆ. ಯಾರಿಗೂ ಹೊರೆ ಹೆಚ್ಚಲ್ಲ. ಕಿಲೋಮೀಟರಿಗೆ ಇಷ್ಟು ಎಂಬ ದರವನ್ನು ಸೀಸನ್ನಿಗೆ ಮುಂಚೆಯೇ ನಿಗದಿ ಮಾಡಿ. ಬಿಲ್ ಕೇಳಬೇಡಿ. ಬಿಲ್ ಕೇಳಿದರೆ ಬಿಲ್‌ಗಳು ಬೆಳೆಯುತ್ತವೆ. ನಡುವಿನ ಊರಿನ ಕ್ಲಬ್‌ಗಳು ಮೊದಲು ಗೊಣಗುತ್ತವೆ. ಮೂಲೆಯ ತಂಡ ಲೀಗ್ ಬಿಟ್ಟರೆ ನಿಮಗೂ ಒಂದು ತವರು ಪಂದ್ಯ ಕಡಿಮೆಯಾಗುತ್ತದೆ ಎಂದು ವಿವರಿಸಿ.

ಪ್ರವೇಶ ಶುಲ್ಕ ಕಡಿಮೆ ಇರಲಿ, ಠೇವಣಿ ಜಾಸ್ತಿ ಇರಲಿ. ಸೀಸನ್ ಪೂರ್ತಿ ಆಡಿದವರಿಗೆ ಠೇವಣಿ ವಾಪಸ್. ಬಹುಮಾನದ ಹಣವನ್ನೆಲ್ಲ ಚಾಂಪಿಯನ್ನಿಗೆ ಸುರಿಯುವ ಬದಲು, ಎಲ್ಲ 14 ಪಂದ್ಯ ಆಡಿ ಮುಗಿಸಿದ ಪ್ರತಿ ತಂಡಕ್ಕೂ ಒಂದು ಪಾಲು ಕೊಡಿ.

ಪಂದ್ಯದ ದಿನ

ಮೈದಾನ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಒಳಗೆ ಇದ್ದರೆ ನಿಯಮಕ್ಕೆ ಸರಿ. ಹುಲ್ಲು ಸಮತಟ್ಟಾಗಿದೆಯಾ ಎನ್ನುವುದು ಅಳತೆಗಿಂತ ಮುಖ್ಯ. ಕನಿಷ್ಠ ಅಗತ್ಯಗಳ ಪಟ್ಟಿ ಚಿಕ್ಕದಾಗಿರಲಿ, ಆದರೆ ಅದರಲ್ಲಿ ರಾಜಿ ಬೇಡ. ಎರಡು ತಂಡಕ್ಕೂ ಒಳಗಿನಿಂದ ಚಿಲಕ ಹಾಕುವ ಬೇರೆ ಬೇರೆ ಕೋಣೆ, ನೀರು ಬರುವ ಶೌಚಾಲಯ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ, ಮಹಿಳಾ ರೆಫರಿಗಳಿಗೆ ಪ್ರತ್ಯೇಕ ಕೋಣೆ, ಕುಡಿಯುವ ನೀರು, ಮೈದಾನದ ಪಕ್ಕದವರೆಗೂ ಬರಬಲ್ಲ ಆಂಬುಲೆನ್ಸ್. ಆಂಬುಲೆನ್ಸ್ ಬರದಿದ್ದರೆ ಪಂದ್ಯ ಶುರುವಾಗಬಾರದು. ಎಷ್ಟೇ ಜನ ಕಾಯುತ್ತಿರಲಿ.

ಬಟ್ಟೆಯ ಬಗ್ಗೆ ಒಂದು ಮಾತು. ಬಿಳಿ ಚಡ್ಡಿಯನ್ನು ಕಡ್ಡಾಯ ಮಾಡಬೇಡಿ. ಮುಟ್ಟಿನ ದಿನಗಳಲ್ಲಿ ಅದು ತಲೆನೋವು ಎಂದು ಆಟಗಾರ್ತಿಯರು ಬಹಳ ಕಾಲದಿಂದ ಹೇಳುತ್ತಿದ್ದರು. ಇಂಗ್ಲೆಂಡ್ ತಂಡ 2023ರ ವಿಶ್ವಕಪ್‌ನಲ್ಲಿ ಬಿಳಿ ಬಿಟ್ಟು ನೀಲಿ ಚಡ್ಡಿ ಹಾಕಿತು. ಹಿಜಾಬ್‌ನಂಥ ತಲೆಗವಸಿಗೂ ತಡೆ ಬೇಡ, 2014ರಿಂದ ಆಟದ ನಿಯಮಗಳೇ ಅದನ್ನು ಒಪ್ಪಿವೆ.

ರೆಫರಿಗಳ ಲೆಕ್ಕ ಯಾರೂ ಮೊದಲು ಹಾಕುವುದಿಲ್ಲ. ನಾಲ್ಕು ವಲಯ, ವಾರಕ್ಕೆ ಪ್ರತಿ ವಲಯದಲ್ಲೂ ನಾಲ್ಕು ಪಂದ್ಯ, ಅಂದರೆ ಒಟ್ಟು 16. ಪಂದ್ಯಕ್ಕೆ ನಾಲ್ವರು ಅಧಿಕಾರಿಗಳಂತೆ ಒಂದೇ ದಿನ 64 ಜನ ಬೇಕು. ಅಷ್ಟು ಜನ ಇಲ್ಲದಿದ್ದರೆ ಶನಿವಾರ ಮತ್ತು ಭಾನುವಾರಕ್ಕೆ ಪಂದ್ಯ ಹಂಚಿ. ಇನ್ನೂ ಒಳ್ಳೆಯದು, ಆಡುವುದನ್ನು ಬಿಟ್ಟ ಆಟಗಾರ್ತಿಯರಿಗೆ ಲೀಗ್ ಶುರುವಾಗುವ ಒಂದು ವರ್ಷ ಮುಂಚೆಯೇ ರೆಫರಿ ಕೋರ್ಸ್ ಮಾಡಿಸಿ. ಭತ್ಯೆಯನ್ನು ಅದೇ ವಾರ ಕೊಡಿ. ಮೂರು ತಿಂಗಳು ಬಾಕಿ ಉಳಿಸಿದರೆ ರೆಫರಿಗಳು ಫೋನ್ ಎತ್ತುವುದಿಲ್ಲ.

ಆಟಗಾರ್ತಿಯ ಸುರಕ್ಷತೆ

ಗಾಯದಿಂದ ಶುರು ಮಾಡೋಣ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ, ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿಯುವ ಅಪಾಯ ಪುರುಷರಿಗಿಂತ ಮಹಿಳಾ ಆಟಗಾರ್ತಿಯರಿಗೆ ಎರಡು ಪಟ್ಟಿಗೂ ಜಾಸ್ತಿ. ಇಂಗ್ಲೆಂಡಿನ ನಾಯಕಿ ಲೀಯಾ ವಿಲಿಯಮ್ಸನ್ ಇದೇ ಗಾಯದಿಂದ 2023ರ ವಿಶ್ವಕಪ್ ತಪ್ಪಿಸಿಕೊಂಡರು. ಫಿಫಾ 11 ಪ್ಲಸ್ ಎಂಬ ವಾರ್ಮಪ್ ಕ್ರಮ ಇದೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ, ವಿಶೇಷ ಸಲಕರಣೆ ಬೇಡ, ಗಾಯ ಕಡಿಮೆ ಮಾಡುತ್ತದೆ. ಲೀಗಿಗೆ ಸೇರುವ ಪ್ರತಿ ತಂಡದ ತರಬೇತುದಾರರೂ ಇದನ್ನು ಕಲಿತಿರಬೇಕು ಎಂಬ ಷರತ್ತು ಹಾಕಿ. ತಲೆಗೆ ಪೆಟ್ಟು ಬಿದ್ದವರಿಗೆ ಹೆಚ್ಚುವರಿ ಬದಲಿ ಕೊಡಲು ಆಟದ ನಿಯಮಗಳಲ್ಲೇ ಅವಕಾಶ ಇದೆ. ಅದನ್ನು ಮೊದಲ ದಿನದಿಂದಲೇ ಜಾರಿಗೆ ತನ್ನಿ.

ದೌರ್ಜನ್ಯದ ವಿಷಯವನ್ನು ‘ನಮ್ಮಲ್ಲಿ ಹಾಗೆಲ್ಲ ಇಲ್ಲ’ ಅಂತ ತಳ್ಳಿಹಾಕಬೇಡಿ. ಅಮೆರಿಕದ ಲೀಗಿನಲ್ಲಿ ತರಬೇತುದಾರರ ವಿರುದ್ಧ ಬಂದ ದೂರುಗಳ ಬಗ್ಗೆ 2022ರ ಅಕ್ಟೋಬರಿನಲ್ಲಿ ಸ್ವತಂತ್ರ ತನಿಖಾ ವರದಿ ಬಂತು. ಆಟಗಾರ್ತಿಯರು ವರ್ಷಗಟ್ಟಲೆ ದೂರು ಕೊಟ್ಟಿದ್ದರು, ಕೇಳುವವರು ಕೇಳಿರಲಿಲ್ಲ. ದೂರು ಬಂದ ಮೇಲೆ ಒಂದು ಕ್ಲಬ್ಬಿನಿಂದ ಹೊರಟ ತರಬೇತುದಾರ ಇನ್ನೊಂದು ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದ್ದೂ ಇದೆ. ಹಾಗಾಗಿ ಮೂರು ಕೆಲಸ ಮಾಡಿ. ದೂರು ಕ್ಲಬ್ಬಿಗೆ ಹೋಗದೆ ನೇರವಾಗಿ ಲೀಗಿನ ಹೊರಗಿನ ಒಬ್ಬ ಅಧಿಕಾರಿಗೆ ಹೋಗಲಿ. ತರಬೇತುದಾರರ ನೋಂದಣಿ ಕ್ಲಬ್ಬಿನ ಬಳಿ ಇರದೆ ಲೀಗಿನ ಬಳಿ ಇರಲಿ, ಆಗ ಒಂದು ವಲಯದಲ್ಲಿ ಅಮಾನತಾದವರು ಇನ್ನೊಂದು ವಲಯದಲ್ಲಿ ಸದ್ದಿಲ್ಲದೆ ಕಾಣಿಸಿಕೊಳ್ಳುವುದಿಲ್ಲ. 18 ವರ್ಷದೊಳಗಿನವರು ಇರುವ ಪ್ರತಿ ಪ್ರಯಾಣದಲ್ಲೂ ತಂಡದ ಜೊತೆ ಇಬ್ಬರು ವಯಸ್ಕ ಮಹಿಳೆಯರು ಇರಲೇಬೇಕು.

ಒಪ್ಪಂದದ ಮೇಲೆ ಆಡುವವರಿಗೆ ಹೆರಿಗೆ ರಜೆ ಫಿಫಾದ ನಿಯಮ. 2021ರಿಂದ ಕನಿಷ್ಠ 14 ವಾರ, ಸಂಬಳದ ಮೂರನೇ ಎರಡು ಭಾಗ. ಸಂಬಳ ಇಲ್ಲದ ಹವ್ಯಾಸಿ ಲೀಗಿನಲ್ಲೂ ಒಂದು ಕೆಲಸ ಮಾಡಬಹುದು: ಗರ್ಭಿಣಿಯಾದವರ ನೋಂದಣಿಯನ್ನು ಮುಂದಿನ ಸೀಸನ್ನಿಗೆ ಶುಲ್ಕವಿಲ್ಲದೆ ಹಾಗೇ ಇಟ್ಟುಕೊಳ್ಳಿ.

ನೋಡುವವರು

ದೊಡ್ಡ ಸ್ಟೇಡಿಯಂ ಬಾಡಿಗೆಗೆ ಹಿಡಿಯಬೇಡಿ. ಮುನ್ನೂರು ಜನ ಮೂವತ್ತು ಸಾವಿರ ಕುರ್ಚಿಯ ನಡುವೆ ಕಳೆದುಹೋಗುತ್ತಾರೆ. ಅದೇ ಮುನ್ನೂರು ಜನ ಗೆರೆಯ ಪಕ್ಕ ನಿಂತರೆ ಹಬ್ಬ. ಒಂದು ಕ್ಯಾಮೆರಾ, ಎತ್ತರದ ಒಂದು ಜಾಗ, ಆಟ ಗೊತ್ತಿರುವ ಒಬ್ಬ ವೀಕ್ಷಕ ವಿವರಣೆಗಾರ ಇದ್ದರೆ ನೇರಪ್ರಸಾರ ಆಯಿತು. ಫಲಿತಾಂಶ, ಗೋಲು ಹೊಡೆದವರ ಹೆಸರು, ಅಂಕಪಟ್ಟಿ ಪಂದ್ಯ ಮುಗಿದ ಒಂದು ಗಂಟೆಯೊಳಗೆ ಪ್ರಕಟವಾಗಬೇಕು. ಇದಕ್ಕೆ ದುಡ್ಡು ಬೇಡ, ಶಿಸ್ತು ಬೇಕು. ಅಂಕಪಟ್ಟಿ ಮೂರು ದಿನ ತಡವಾಗುವ ಲೀಗನ್ನು ಪತ್ರಕರ್ತರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲ ಸೀಸನ್ ಮುಗಿದ ಮೇಲೆ

ಫೈನಲ್ ಮುಗಿದು ಒಂದು ತಿಂಗಳೊಳಗೆ ಎಲ್ಲ ಕ್ಲಬ್‌ಗಳ ನಾಯಕಿಯರನ್ನು ಕೂರಿಸಿ ಮಾತಾಡಿಸಿ. ಎಷ್ಟು ಪಂದ್ಯ ನಿಗದಿತ ದಿನವೇ ನಡೆದವು? ಎಷ್ಟು ತಂಡ ಎಲ್ಲ ಪಂದ್ಯ ಆಡಿದವು? ಐದು ಗೋಲಿಗಿಂತ ಹೆಚ್ಚು ಅಂತರದ ಪಂದ್ಯ ಎಷ್ಟು? ಈ ಮೂರು ಅಂಕಿಗಳನ್ನು ಪ್ರತಿ ವರ್ಷ ಬರೆದಿಡಿ.

ಹಿಂಬಡ್ತಿಯನ್ನು ಮೊದಲ ಎರಡು ವರ್ಷ ಜಾರಿಗೆ ತರಬೇಡಿ. ಕೆಳಗೆ ಲೀಗೇ ಇಲ್ಲದಿರುವಾಗ ತಂಡವನ್ನು ಇಳಿಸುವುದು ಎಲ್ಲಿಗೆ? ಪ್ರತಿ ವಲಯದ ಕೆಳಗೂ ಆರು ತಂಡಗಳ ಎರಡನೇ ದರ್ಜೆ ಸಿದ್ಧವಾದ ಮೇಲೆ, ವರ್ಷಕ್ಕೆ ಒಂದು ತಂಡ ಮೇಲೆ, ಒಂದು ತಂಡ ಕೆಳಗೆ.

ನಾಲ್ಕೈದು ವರ್ಷ ಕಳೆದ ಮೇಲೆ ಯಾರಾದರೂ ‘ಇನ್ನು ವಲಯ ಬೇಡ, ಒಂದೇ ರಾಷ್ಟ್ರೀಯ ಲೀಗ್ ಮಾಡೋಣ’ ಅನ್ನುತ್ತಾರೆ. ಆಗ ಮತ್ತೆ ಅದೇ ಗಂಟೆಗಳ ಕೋಷ್ಟಕ ತೆಗೆಯಿರಿ. ಎಂಟರಿಂದ ಹನ್ನೆರಡು ಕ್ಲಬ್‌ಗಳು ರಾತ್ರಿ ತಂಗುವ ಖರ್ಚನ್ನು ಪ್ರಾಯೋಜಕರಿಲ್ಲದೆ ಭರಿಸಬಲ್ಲವಾ? ರಾಷ್ಟ್ರೀಯ ಹಂತದ ಪಂದ್ಯಗಳು ಸತತ ಎರಡು ವರ್ಷ ಒಂದೆರಡು ಗೋಲಿನ ಅಂತರದಲ್ಲಿ ಮುಗಿದಿವೆಯಾ? ಎರಡಕ್ಕೂ ಹೌದು ಎಂದಾದರೆ ಆ ಎಂಟೋ ಹನ್ನೆರಡೋ ತಂಡಗಳನ್ನು ಮೇಲಿನ ಒಂದು ವಿಭಾಗಕ್ಕೆ ಒಯ್ಯಿರಿ. ವಲಯಗಳನ್ನು ಮುಚ್ಚಬೇಡಿ, ಅವು ಅದರ ಕೆಳಗೆ ಹಾಗೇ ನಡೆಯಲಿ. ಖಾಲಿಯಾದ ಜಾಗಕ್ಕೆ ಹೊಸ ಕ್ಲಬ್‌ಗಳ ಅರ್ಜಿ ಕರೆಯಿರಿ. ಆ ಅರ್ಜಿಯ ಮೊದಲ ಪ್ರಶ್ನೆ ಹಳೆಯದೇ: ನಿಮ್ಮ ತಂಡ ಒಂದು ಪಂದ್ಯಕ್ಕೆ ಗರಿಷ್ಠ ಎಷ್ಟು ಗಂಟೆ ಪ್ರಯಾಣ ಮಾಡಬಲ್ಲದು?